ಹಸಿರು ಶಾಯಿಯ ಮೇಡಂ

ಕಾರ್ತೀಕದ ಎರಡನೆಯ ಸೋಮವಾರ, ಬೆಳಿಗ್ಗೆ ಐದೂವರೆ. ಸ್ಥಳ: ಶಿಕಾರಿಪುರ, ನನ್ನ ಮನೆಯ ಹೊರಕೋಣೆ. ಹಾಜರಿದ್ದವರು: ನಾನೊಬ್ಬನೇ.

ಉಡುತಡಿಯ ನೀಲಮ್ಮನವರಿಗೆ ನಾನು ಮೂರು ವರ್ಷ ಸುಳ್ಳು ಬರೆದೆ. ಅವರ ಕೆಲಸವನ್ನು ಕೇಳುವವರು ಯಾರೂ ಉಳಿದಿರಲಿಲ್ಲ. ಇದ್ದಾರೆ ಎಂದು ನಂಬಿಸಿದೆ—ಮೇಲಿನ ಕಚೇರಿಯ ಮೇಡಂ ಒಬ್ಬರ ಹೆಸರಿನಲ್ಲಿ, ಹಸಿರು ಶಾಯಿಯಲ್ಲಿ. ಆ ಬರಹವನ್ನು ನಂಬಿ ಅವರು ಕೊಯ್ಲಿಗೆ ಬಂದ ಭತ್ತವನ್ನು ಗದ್ದೆಯಲ್ಲೇ ನಿಲ್ಲಿಸಿಕೊಂಡರು. ಮಳೆಗೆ ಅದು ಹೋಯಿತು, ಬೀಜಸಮೇತ. ತಪ್ಪಾಯಿತೆಂದು ಅವರು ಮೇಡಂಗೆ ಪತ್ರ ಬರೆದರು. ಆ ಪತ್ರಕ್ಕೂ ನಾನೇ ಹಸಿರು ಶಾಯಿಯಲ್ಲಿ ಉತ್ತರ ಬರೆದೆ—ತಪ್ಪು ಅವರದೇ ಎನ್ನುವ ಹಾಗೆ.

ಅವರ ಪತ್ರ ಈಗ ನನ್ನ ಮುಂದಿದೆ. ಏಳು ವರ್ಷ ಟ್ರಂಕಿನಲ್ಲಿತ್ತು.

ನಾನು ಯಾರೆಂದು ಹೇಳಬೇಕು. ನನಗೆ ಎಪ್ಪತ್ತಾರು. ಇಪ್ಪತ್ತೊಂದರಲ್ಲಿ ಗ್ರಾಮಸೇವಕನ ತರಬೇತಿಗೆ ಸೇರಿದವನು. ಐದಕ್ಕೆ ಏಳುವ ಗಂಟೆ, ಐದೂವರೆಗೆ ಗದ್ದೆ, ಎಂಟಕ್ಕೆ ಗಂಜಿ, ಮಲಗುವ ಮುಂಚೆ ದಿನಚರಿ. ದಿನಚರಿಗೆ ನಾಲ್ಕು ಅಂಕಣ: ದಿನ ಮತ್ತು ವೇಳೆ, ಹಾಜರಿದ್ದವರು, ನಡೆದದ್ದು, ಮುಗಿಸಿದ ಕೊನೆಯ ಕೆಲಸ. ನಮ್ಮ ಪ್ರಾಂಶುಪಾಲರು ಮೊದಲ ದಿನವೇ ಹೇಳಿದ್ದರು—ಮುಗಿಯದ ಕೆಲಸವನ್ನು ನಾಲ್ಕನೆಯ ಅಂಕಣದಲ್ಲಿ ಬರೆಯುವವನು ಕಳ್ಳ. ಮೂವತ್ತೇಳು ವರ್ಷದ ನೌಕರಿಯಲ್ಲಿ ನಾನು ಆ ಅಂಕಣದಲ್ಲಿ ಒಂದೂ ಸುಳ್ಳು ಬರೆದವನಲ್ಲ. ಅದು ನನ್ನ ಹೆಮ್ಮೆಯಾಗಿತ್ತು. ಸುಳ್ಳು ಬರೆದದ್ದು ನಿವೃತ್ತಿಯ ನಂತರ, ಬೇರೆಯವರ ದಿನಚರಿಯಲ್ಲಿ.

ನಿವೃತ್ತನಾದ ಮೇಲೆ ಒಂದು ಸಂಸ್ಥೆಯ ಯೋಜನೆಗೆ ನನ್ನನ್ನು ಕರೆದರು. ಶಿಕಾರಿಪುರ ಮತ್ತು ಸೊರಬ, ಎರಡು ತಾಲ್ಲೂಕಿಗೆ ನಾನೇ ಸಂಯೋಜಕ. ರೈತರಿಂದಲೇ ರೈತರಿಗೆ ಪಾಠ ಹೇಳಿಸುವುದು ಕೆಲಸ. ಹದಿನಾಲ್ಕು ಜನರನ್ನು ಆರಿಸಿದೆ. ಅವರಿಗೆ ಸಂಬಳವಿಲ್ಲ. ಒಂದು ಚೀಲ, ಒಂದು ಟೋಪಿ, ತಿಂಗಳಿಗೊಂದು ಸಭೆ, ಸಭೆಯ ದಿನ ಊಟ ಮತ್ತು ಬಸ್ಸಿನ ಖರ್ಚು. ಪ್ರತಿಯೊಬ್ಬರೂ ತಮ್ಮ ಗದ್ದೆಯ ಒಂದು ತುಂಡಿನಲ್ಲಿ ಮಾಡಿ ತೋರಿಸಬೇಕು, ಅಕ್ಕಪಕ್ಕದ ಹತ್ತು ಮನೆಯವರಿಗೆ ಕಲಿಸಬೇಕು, ಕಲಿಸಿದ್ದನ್ನು ದಿನಚರಿಯಲ್ಲಿ ಬರೆಯಬೇಕು. ನಾಲ್ಕು ಅಂಕಣ. ನನಗೆ ಗೊತ್ತಿದ್ದದ್ದು ಅದೇ, ಕಲಿಸಿದ್ದೂ ಅದನ್ನೇ. ಊರಿನವರು ಇವರನ್ನು ರೈತ ಮೇಷ್ಟ್ರು ಅನ್ನುತ್ತಿದ್ದರು. ನೀಲಮ್ಮನವರನ್ನು ಮೇಷ್ಟ್ರಮ್ಮ ಅನ್ನುತ್ತಿದ್ದರು.

ಆಗ ಅವರಿಗೆ ನಲವತ್ತರ ಹತ್ತಿರ. ಏಳನೆಯ ತರಗತಿಯವರೆಗೆ ಓದಿದವರು. ಕೆರೆಯ ಕೆಳಗೆ ಅವರದೊಂದು ತಗ್ಗಿನ ಗದ್ದೆ. ಮಳೆಗಾಲದಲ್ಲಿ ವಾರಗಟ್ಟಲೆ ನೀರು ನಿಲ್ಲುವ ಗದ್ದೆ. ಅಲ್ಲಿ ಬೇರೆ ಯಾವ ಭತ್ತ ಹಾಕಿದರೂ ಕೊಳೆಯುತ್ತಿತ್ತು. ಅವರ ಅತ್ತೆ ಇಟ್ಟುಕೊಂಡು ಬಂದಿದ್ದ ಒಂದು ಕೆಂಪಕ್ಕಿ ಭತ್ತ ಮಾತ್ರ ಹತ್ತು ದಿನ ಮುಳುಗಿದರೂ ತಲೆ ಎತ್ತುತ್ತಿತ್ತು. ಅದಕ್ಕೊಂದು ಹೆಸರೂ ಇರಲಿಲ್ಲ. ಅತ್ತೆ ಭತ್ತ ಅನ್ನುತ್ತಿದ್ದರು, ಅಷ್ಟೇ. ಒಂದು ಕಾಲಕ್ಕೆ ಕೆರೆಯ ಕೆಳಗಿನ ಎಲ್ಲರ ಗದ್ದೆಯಲ್ಲೂ ಅದಿತ್ತಂತೆ. ಆಮೇಲೆ ಕಂಪನಿ ಬೀಜ ಬಂತು, ಮೆಕ್ಕೆಜೋಳ ಬಂತು. ಉಳಿದದ್ದು ನೀಲಮ್ಮನವರ ಮನೆಯ ಒಂದು ಮುಡಿ—ಹುಲ್ಲು ಸುತ್ತಿ ಕಟ್ಟಿದ ಬೀಜದ ಮುಡಿ.

ಬಿತ್ತನೆಗೆ ಮುಂಚೆ ಬೀಜವನ್ನು ಉಪ್ಪುನೀರಿಗೆ ಹಾಕಿ ಜೊಳ್ಳು ತೇಲಿಸಿ ತೆಗೆಯಬೇಕು. ನೀರಿಗೆ ಉಪ್ಪು ಸಾಕಾಯಿತೇ ಎಂದು ತಿಳಿಯಲು ಅದರಲ್ಲಿ ಕೋಳಿಮೊಟ್ಟೆ ಬಿಡುವುದು, ತೇಲಿದರೆ ಸಾಕಾಯಿತು. ಇದನ್ನು ನಾನು ನಲವತ್ತು ವರ್ಷ ಕಲಿಸಿದ್ದೆ. ನೀಲಮ್ಮನವರ ಮನೆಗೆ ಮೊಟ್ಟೆ ಬರುವ ಹಾಗಿಲ್ಲ, ಕೊರಳಲ್ಲಿ ಲಿಂಗವಿದ್ದ ಮನೆ. ಅವರು ಒಂದು ಆಲೂಗಡ್ಡೆ ತೇಲಿಬಿಟ್ಟರು. ಕೆಲಸ ಸರಿಯಾಗಿಯೇ ಆಯಿತು. ಸಭೆಯಲ್ಲಿ ಇದನ್ನು ಹೇಳಿದಾಗ ಸೊರಬದ ಕಡೆಯ ಗಣಪತಪ್ಪ—ಹದಿನಾಲ್ಕು ಜನರಲ್ಲಿ ಮಾತಿನ ಮಲ್ಲ—ಸುಮ್ಮನಿರಲಿಲ್ಲ.

“ನಂ ಬದಿ ಮೊಟ್ಟೆ ತೇಲ್ತದೆ ಮಾರಾಯ್ರೆ, ನಿಂ ಬದಿ ಆಲೂಗಡ್ಡೆ ತೇಲ್ತದೆ. ಇಬ್ರದೂ ಸೇರ್ಸಿದ್ರೆ ಒಂದು ಪಲ್ಯ ಆಯ್ತದೆ.”

“ನೀವು ತಿನ್ರಿ ಗಣಪತಪ್ಪಾರೆ. ನಮ್ಮ ಬೀಜ ಮೊಳಿತಾವ, ನಮಗಷ್ಟು ಸಾಕು,” ಎಂದರು ನೀಲಮ್ಮ.

ಐದು ವರ್ಷಕ್ಕೆ ಹಣ ಮುಗಿಯಿತು. ಯೋಜನೆ ಮುಚ್ಚುವ ದಿನ ಮೇಲಿನ ಕಚೇರಿಯ ಮೇಡಂ ಬಂದರು. ಒಳ್ಳೆಯ ಹೆಣ್ಣುಮಗಳು. ಐದು ವರ್ಷವೂ ನಮ್ಮ ವರದಿಗಳಿಗೆ ಸಹಿ ಹಾಕಿ ಕಳಿಸುತ್ತಿದ್ದವರು, ಹಸಿರು ಶಾಯಿಯಲ್ಲಿ. ಹೊರಡುವಾಗ ನೀಲಮ್ಮನವರ ಕೈ ಹಿಡಿದು ಒಂದು ಮಾತು ಹೇಳಿದರು: “ಬರೀತಾ ಇರಿ ನೀಲಮ್ಮ. ನಾನು ಓದ್ತೀನಿ.”

ಕಾರು ಹತ್ತುವವರು ಹೇಳುವ ಮಾತು ಅದು. ನನಗೆ ಗೊತ್ತಿತ್ತು. ನೀಲಮ್ಮನವರಿಗೆ ಹೇಗೆ ಗೊತ್ತಾಗಬೇಕು—

ಸಭೆ ನಿಲ್ಲಿಸಬಾರದು ಎಂದು ನಾವೇ ತೀರ್ಮಾನಿಸಿದ್ದೆವು. ಬಾಡಿಗೆಯ ಕೋಣೆ ಹೋಗಿತ್ತು. ಎರಡೂ ತಾಲ್ಲೂಕಿನವರಿಗೆ ನಡುವಾಗಲಿ ಎಂದು ಬಳ್ಳಿಗಾವಿಯ ದೇವಸ್ಥಾನದ ಅಂಗಳದಲ್ಲಿ ಸೇರುವುದು, ಬುತ್ತಿ ಅವರವರದೇ. ಮೊದಲ ತಿಂಗಳು ಒಂಬತ್ತು ಜನ ಬಂದರು. ಎರಡನೆಯ ತಿಂಗಳು ಐದು. ಮೂರನೆಯ ತಿಂಗಳು ಗಣಪತಪ್ಪ, ನೀಲಮ್ಮ, ನಾನು. ಗಣಪತಪ್ಪನ ದಿನಚರಿ ಖಾಲಿ. ಕೇಳಿದ್ದಕ್ಕೆ, “ಯಾರಿಗೆ ಬರೆಯೂದು ಸಾರ್? ಎಮ್ಮೆಗೆ ಓದಿ ಹೇಳ್ಲಾ?” ಎಂದ. ನೀಲಮ್ಮನವರದು ತುಂಬಿತ್ತು. ನಾಲ್ಕೂ ಅಂಕಣ, ಗೀಟು ಎಳೆದು.

“ಸಾರ್, ಹೋದ ತಿಂಗಳದು ಮೇಡಂಗೆ ಕಳಿಸಿದ್ರಲ್ಲ, ಏನಂದ್ರು?” ಎಂದು ಅವರು ಕೇಳಿದರು.

ಕಳಿಸಿದ್ದು ನಿಜ. ಪುಟಗಳ ಜೆರಾಕ್ಸ್ ಮಾಡಿಸಿ ಎರಡು ಬಾರಿ ಕಳಿಸಿದ್ದೆ. ಉತ್ತರ ಬರದಿದ್ದಾಗ ಫೋನ್ ಮಾಡಿದ್ದೆ. ಮೇಡಂ ಬೇರೆ ಊರಿನಲ್ಲಿ ಬೇರೆ ಕೆಲಸಕ್ಕೆ ಸೇರಿದ್ದರು. “ಸಾರ್, ಅದು ಮುಗಿದ ಪ್ರಾಜೆಕ್ಟ್ ಅಲ್ವಾ?” ಎಂದಿದ್ದರು, ಮೆಲ್ಲಗೆ, ನಾನು ವಯಸ್ಸಾದವನು ಮರೆತಿದ್ದೇನೆ ಎಂಬ ಕಾಳಜಿಯಿಂದ. ಅವರದೇನೂ ತಪ್ಪಿರಲಿಲ್ಲ. ಆ ಮಾತನ್ನು ನಾನು ಅಲ್ಲಿ, ಆ ಅಂಗಳದಲ್ಲಿ, ನೀಲಮ್ಮನವರಿಗೆ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

“ಓದಿದ್ದಾರೆ. ಈ ಸಲ ಪುಸ್ತಕವನ್ನೇ ಕೊಡಿ, ಬರೆದು ಕಳಿಸುತ್ತಾರೆ.”

ಮಾರನೆಯ ದಿನ ಪೇಟೆಯಲ್ಲಿ ಹಸಿರು ಶಾಯಿಯ ಪೆನ್ನು ಕೊಂಡೆ. ನನ್ನ ಜೀವನದಲ್ಲಿ ಮೊದಲ ಬಾರಿ. ಹಸಿರು ಶಾಯಿ ದೊಡ್ಡ ಅಧಿಕಾರಿಗಳದು. ಗ್ರಾಮಸೇವಕನಾಗಿದ್ದವನು ಅದನ್ನು ಮುಟ್ಟುವುದಿಲ್ಲ. ನನ್ನ ಅಕ್ಷರ ನೆಟ್ಟಗಿನವು, ಮೇಡಂ ಅಕ್ಷರ ಬಲಕ್ಕೆ ವಾಲಿದವು. ವಾಲಿಸಿ ಬರೆಯುವುದನ್ನು ನಾಲ್ಕು ದಿನ ಅಭ್ಯಾಸ ಮಾಡಿದೆ—ಬೆಳಿಗ್ಗೆ ಐದೂವರೆಯಿಂದ ಆರರವರೆಗೆ, ವೇಳೆ ತಪ್ಪದೆ. ಆಮೇಲೆ ನೀಲಮ್ಮನವರ ದಿನಚರಿಯಲ್ಲಿ ಆ ತಿಂಗಳ ಪುಟದ ಅಂಚಿಗೆ ಬರೆದೆ: “ಆಲೂಗಡ್ಡೆಯ ಉಪಾಯ ಜಾಣತನದ್ದು. ಬೇರೆ ಊರಿನವರಿಗೂ ತಿಳಿಸುತ್ತೇನೆ.”

ಮುಂದಿನ ಸಭೆಯಲ್ಲಿ ಅದನ್ನು ಅವರ ಕೈಗೆ ಕೊಟ್ಟೆ. ಓದಿದರು. ಮತ್ತೆ ಓದಿದರು. ಸೆರಗಿನಲ್ಲಿ ಪುಸ್ತಕ ಒರೆಸಿ ಚೀಲದಲ್ಲಿಟ್ಟುಕೊಂಡರು. ಊರಿಗೆ ಹೋಗಿ ಎಲ್ಲರಿಗೂ ತೋರಿಸಿದರಂತೆ. ಸುದ್ದಿ ಹಬ್ಬಿತು. ನಾಲ್ಕು ತಿಂಗಳಲ್ಲಿ ಸಭೆಗೆ ಹನ್ನೆರಡು ಜನ. ಗಣಪತಪ್ಪನೂ ದಿನಚರಿ ಬರೆದು ತಂದ. “ನನ್ನ ಎಮ್ಮೆಗಿಂತ ಮೇಡಂ ವಾಸಿ ಸಾರ್, ಉತ್ರ ಕೊಡ್ತಾರೆ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನನಗೆ ಸಂತೋಷವಾಗಿತ್ತು. ಇದನ್ನು ಮುಚ್ಚಿಡಬಾರದು. ಜನರಿಗಾಗಿ ಮಾಡಿದೆ ಎಂದು ಹೇಳಿಕೊಳ್ಳುತ್ತಿದ್ದೆ, ಆದರೆ ತಿಂಗಳಿಗೊಮ್ಮೆ ಹನ್ನೆರಡು ದಿನಚರಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಹಸಿರು ಪೆನ್ನಿನ ಮುಚ್ಚಳ ತೆಗೆಯುವ ಆ ಗಳಿಗೆ—ಅದು ನನ್ನದೇ ಆಗಿತ್ತು. ನನ್ನ ಬುದ್ಧಿವಾದಕ್ಕಿಂತ ಮೇಡಂ ಬುದ್ಧಿವಾದವನ್ನು ಅವರು ಹೆಚ್ಚು ಕೇಳುತ್ತಿದ್ದರು. ಆ ಮೇಡಂ ನಾನೇ. ಎರಡನೆಯ ವರ್ಷ ಒಂದು ತರಬೇತಿ ಶಿಬಿರಕ್ಕೆ ಮಾತಾಡಲು ನನ್ನನ್ನು ಕರೆದರು. ಎಲ್ಲ ಕಡೆ ಹಣ ನಿಂತ ಆರು ತಿಂಗಳಿಗೆ ಸ್ವಯಂಸೇವಕರು ಚದುರಿಹೋಗುತ್ತಾರೆ, ನಿಮ್ಮವರು ಹೇಗೆ ಉಳಿದರು, ಹೇಳಿ ಎಂದರು. ಅರ್ಧ ಗಂಟೆ ಮಾತಾಡಿದೆ. ಶಿಸ್ತು, ಸಮಯಪಾಲನೆ, ದಿನಚರಿ. ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿದರು. ಹಸಿರು ಪೆನ್ನು ಅಂಗಿಯ ಜೇಬಿನಲ್ಲಿತ್ತು.

ಮೇಡಂ ಫೋನ್ ನಂಬರ್ ಕೊಡಿ ಎಂದು ನೀಲಮ್ಮ ಒಮ್ಮೆ ಕೇಳಿದ್ದರು. “ಎಲ್ಲವೂ ನನ್ನ ಮೂಲಕ ಹೋಗಬೇಕು, ಅದು ನಿಯಮ” ಎಂದೆ. ಅವರು ನಿಯಮಕ್ಕೆ ತಲೆಬಾಗಿದರು. ನಿಯಮಕ್ಕೆ ತಲೆಬಾಗುವುದನ್ನು ಕಲಿಸಿದವನು ನಾನೇ.

ಮೂರನೆಯ ವರ್ಷದ ಬೇಸಿಗೆಯಲ್ಲಿ ಅವರ ದಿನಚರಿಯ ಕೊನೆಯಲ್ಲಿ ಈ ಸಾಲುಗಳಿದ್ದವು: “ಮನೆಯಲ್ಲಿ ಕೇಳುತ್ತಾರೆ, ಯಾರಿಗೋಸ್ಕರ ಮಾಡುತ್ತಿ ಎಂದು. ಮೇಡಂ ಒಮ್ಮೆಯೂ ಬರಲಿಲ್ಲ. ಮುಂದಿನ ತಿಂಗಳಿಂದ ಬರೆಯುವುದು ಕಷ್ಟ. ತಪ್ಪು ತಿಳಿಯಬಾರದು.”

ನೀಲಮ್ಮ ಬಿಟ್ಟರೆ ಎಲ್ಲರೂ ಬಿಡುತ್ತಾರೆ. ಅದು ಖಂಡಿತವಿತ್ತು. ಆ ಬೆಳಿಗ್ಗೆ ನಾನು ಬರೆದದ್ದು ಇದು, ಅಕ್ಷರ ಅಕ್ಷರ ನೆನಪಿದೆ: “ಈ ವರ್ಷ ನಿಮ್ಮ ಭತ್ತ ನೋಡಲು ನಾನೇ ಬರುತ್ತೇನೆ. ಪೈರು ಒಂದೇ ತುಂಡಿನಲ್ಲಿ, ಕನಿಷ್ಠ ಅರ್ಧ ಎಕರೆ ಇರಲಿ. ಬೀಜ ಬೇಕೆನ್ನುವ ಮನೆಗಳ ಪಟ್ಟಿ ಮಾಡಿಡಿ.”

ಅರ್ಧ ಎಕರೆ ಎಂದು ಏಕೆ ಬರೆದೆ—ಅಧಿಕಾರಿಗಳು ಹಾಗೆ ಬರೆಯುತ್ತಾರೆ ಎಂಬ ಒಂದೇ ಕಾರಣಕ್ಕೆ. ಹಿಂದಿನ ವರ್ಷದ ಬೆಳೆಯಿಂದ ಅವರು ಎತ್ತಿಟ್ಟಿದ್ದ ಬಿತ್ತನೆ ಬೀಜ ಅಷ್ಟು ಜಾಗಕ್ಕೆ ಸಾಲುತ್ತಿರಲಿಲ್ಲ. ಏನೇ ಆದರೂ ಮುಟ್ಟಬಾರದು ಎಂದು ಅಟ್ಟದ ಮೇಲೆ ಇಡುತ್ತಿದ್ದ ಒಂದು ಮುಡಿ ಬೇರೆ ಇತ್ತು. ಆಪತ್ತಿಗೆ ಇರಲಿ ಎಂದು ಹಾಗೆ ಇಡಲು ಕಲಿಸಿದವನೂ ನಾನೇ. ಅವರು ಅದನ್ನೂ ಬಿಚ್ಚಿದರು. ಬೀಜ ಬೇಕೆಂದವರ ಪಟ್ಟಿಯಲ್ಲಿ ಇಪ್ಪತ್ತು ಮನೆ. ಆ ವರ್ಷ ಕೆರೆಯ ಕೆಳಗೆ ನೀರು ನಿಂತು ಬೇರೆಯವರ ಪೈರು ಕೊಳೆತಿತ್ತು, ಇವರದು ನಿಂತಿತ್ತು. ಜನ ತಾವಾಗಿಯೇ ಬಂದು ಹೆಸರು ಬರೆಸಿದರು. ಅವರ ಅತ್ತೆಯ ಭತ್ತ ಮತ್ತೆ ಊರಿಗೆಲ್ಲ ಹೋಗುವುದಿತ್ತು.

ದೀಪಾವಳಿ ಕಳೆಯಿತು. ಭತ್ತ ಹಣ್ಣಾಯಿತು. “ಮೇಡಂ ಯಾವತ್ತು ಬರ್ತಾರೆ ಸಾರ್, ಕೊಯ್ಲಿಗೆ ಆಳು ಹೇಳ್ಬೇಕು” ಎಂದು ನೀಲಮ್ಮ ಫೋನ್ ಮಾಡಿದರು. ಬರುವ ವಾರ ಎಂದೆ. ಮೇಡಂಗೆ ಹುಷಾರಿಲ್ಲ ಎಂದು ಹೇಳಿಬಿಡುವ ಯೋಚನೆಯಿತ್ತು, ಆ ಸುಳ್ಳಿಗೂ ಬಾಯಿ ಬರಲಿಲ್ಲ. ಇನ್ನೊಂದು ವಾರ ಎಂದೆ. ಅವರ ಯಜಮಾನರು ಚನ್ನಬಸಪ್ಪ, ಎಂದೂ ಮಾತಾಡದ ಮನುಷ್ಯ, ಆ ಸಲ ಫೋನ್ ಇಸಿದುಕೊಂಡರು.

“ಸಾರ್, ಮೋಡ ಕಟ್ಟೈತಿ. ಕೊಯ್ದು ಬಿಡ್ಲೇನ್ರೀ?”

ಕೊಯ್ಯಿರಿ ಎಂದು ಹೇಳಬೇಕಿತ್ತು. ಒಂದು ಮಾತು ಸಾಕಾಗಿತ್ತು. ನಲವತ್ತು ವರ್ಷ ರೈತರಿಗೆ ಮೋಡ ನೋಡುವುದನ್ನು ಹೇಳಿಕೊಟ್ಟವನು ನಾನು ಏನು ಹೇಳಿದೆ—“ಎರಡು ದಿನ ನಿಲ್ಲಿಸಿ. ಪೈರು ನಿಂತಿರುವುದನ್ನೇ ನೋಡಬೇಕಂತೆ.”

ಅಂದು ಸಂಜೆಯೇ ಮಳೆ ಹಿಡಿಯಿತು. ನಾಲ್ಕು ದಿನ. ಎಳೆಯ ಪೈರಾಗಿದ್ದಾಗ ಹತ್ತು ದಿನ ನೀರಿನಲ್ಲಿ ನಿಂತ ಭತ್ತ, ಹಣ್ಣಾಗಿ ತೆನೆ ಭಾರವಾದ ಮೇಲೆ ನಿಲ್ಲಲಿಲ್ಲ. ಮಲಗಿತು. ನೀರಿನಲ್ಲಿ ಬಿದ್ದ ತೆನೆಯಲ್ಲೇ ಮೊಳಕೆ ಬಂತು. ಐದನೆಯ ದಿನ ನಾನು ಹೋಗಿ ನೋಡಿದೆ. ಗದ್ದೆಯ ತುಂಬ ಬೆಳ್ಳಗೆ ಮೊಳಕೆ. ಚನ್ನಬಸಪ್ಪ ಬದುವಿನ ಮೇಲೆ ಕೂತಿದ್ದರು, ನನ್ನತ್ತ ನೋಡಲಿಲ್ಲ. ನೀಲಮ್ಮ ಕೆಸರಿನಲ್ಲಿ ಒಂದೊಂದೇ ತೆನೆ ಎತ್ತಿ, ಮೊಳಕೆ ಬಾರದ ಕಾಳಿದೆಯೇ ಎಂದು ಬೆರಳಿನಿಂದ ಬಿಡಿಸಿ ನೋಡುತ್ತಿದ್ದರು. ಎರಡು ಹಿಡಿ ಸಿಕ್ಕಿತು. ಮುಂದಿನ ಮಳೆಗಾಲದಲ್ಲಿ ಅದನ್ನೂ ಬಿತ್ತಿ ನೋಡಿದರಂತೆ. ಹುಟ್ಟಲಿಲ್ಲ.

ಅವರು ಪತ್ರ ಕೊಟ್ಟದ್ದು ಮುಂದಿನ ಸಭೆಯಲ್ಲಿ. ಮೇಡಂಗೆ ತಲುಪಿಸಿ ಎಂದರು. ಅದರಲ್ಲಿರುವುದು ಇಷ್ಟೇ:

“ಮೇಡಂ ಅವರಿಗೆ ನಮಸ್ಕಾರ. ನೀವು ಬರುವವರೆಗೆ ಬೆಳೆ ಉಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಅಟ್ಟದ ಮುಡಿಯನ್ನೂ ಬಿಚ್ಚಿದ್ದು ನನ್ನ ತಪ್ಪು. ಇಪ್ಪತ್ತು ಮನೆಯವರಿಗೆ ಮಾತು ಕೊಟ್ಟಿದ್ದೆ. ಕ್ಷಮಿಸಬೇಕು. ಸಾರ್ ಅವರಿಗೆ ಏನೂ ಅನ್ನಬೇಡಿ, ಆ ಮುಡಿ ಮುಟ್ಟಬಾರದೆಂದು ಅವರು ಸರಿಯಾಗಿಯೇ ಹೇಳಿದ್ದರು.”

ಕೊನೆಯ ಸಾಲು ಓದಿಯೂ ನಾನು—

ಉತ್ತರ ಬರೆದೆ. ಹಸಿರು ಶಾಯಿ, ವಾಲಿದ ಅಕ್ಷರ. “ಬೇಸರ ಬೇಡ. ಮುಂದಿನ ಬಾರಿ ಎಚ್ಚರಿಕೆ ಇರಲಿ.” ಆರೇ ಪದ. ಅದನ್ನು ಓದಿದ ಮೇಲೆ ಅವರು ಸಭೆಗೆ ಬರಲಿಲ್ಲ. ಆರು ತಿಂಗಳಲ್ಲಿ ಸಭೆ ನಿಂತಿತು. ಪೆನ್ನನ್ನು ನಾನು ಕೆರೆಗೆ ಎಸೆದೆ. ಪತ್ರವನ್ನು ಎಸೆಯಲಾಗಲಿಲ್ಲ.

ಏಳು ವರ್ಷ ಸುಮ್ಮನಿದ್ದೆ. ಹೋದ ವಾರ ಸೊರಬದ ಬಸ್ ನಿಲ್ದಾಣದಲ್ಲಿ ಗಣಪತಪ್ಪ ಸಿಕ್ಕ. ನೀರು ತಡೆಯುವ ಹಳೆಯ ಭತ್ತ ಯಾರ ಹತ್ತಿರವಾದರೂ ಇದೆಯೇ ಎಂದು ಕೇಳಿಕೊಂಡು ಯಾರೋ ಬಂದಿದ್ದರಂತೆ. ಗಣಪತಪ್ಪ ಅವರಿಗೆ ಹೇಳಿದ್ದನ್ನು ನನಗೂ ಹೇಳಿದ: “ಇತ್ತು ಅಂದೆ ಸಾರ್. ಉಡುತಡಿ ನೀಲಮ್ಮನ ಹತ್ರ ಇತ್ತು. ಆಯಮ್ಮ ಕಳಕಂಡ್ಳು.”

ಎಷ್ಟು ಸಹಜವಾಗಿ ಹೇಳಿದ. ಊರಿನಲ್ಲಿ ಮುಂದೆಯೂ ಹೀಗೇ ಹೇಳುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಬಸ್ ಬಂತು. ನಿಜ ಹೇಳಬೇಕೆಂದರೆ, ಬಸ್ ಬರಲಿ ಎಂದು ನಾನು ಕಾಯುತ್ತಿದ್ದೆ.

ಎಂಟೂವರೆಯ ಬಸ್ಸಿಗೆ ಉಡುತಡಿಗೆ ಹೊರಡುತ್ತೇನೆ.

ಮೇಲಿನದು ಬೆಳಿಗ್ಗೆ ಬರೆದದ್ದು. ಈಗ ಸಂಜೆ ಆರು.

ನೀಲಮ್ಮನವರು ಅಂಗಳದಲ್ಲಿ ಮೆಕ್ಕೆಜೋಳ ಹರಡುತ್ತಿದ್ದರು. ಕೂದಲು ನರೆತಿದೆ. ನನ್ನನ್ನು ಕಂಡು ಸೆರಗು ಸರಿ ಮಾಡಿಕೊಂಡು, “ಬರ್ರಿ ಸಾರ್, ಭಾಳ ವರ್ಷ ಆತು” ಎಂದು ಜಗಲಿಯ ಮೇಲೆ ಚಾಪೆ ಹಾಸಿದರು. ನೀರು ತಂದುಕೊಟ್ಟರು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕ ಬೇಲಿಯಾಚೆಯಿಂದಲೇ, “ಏನ್ ಮೇಷ್ಟ್ರಮ್ಮ, ಮೇಡಂ ಬಂದ್ರಾ?” ಎಂದು ಕೂಗಿ ನಕ್ಕು ಹೋದ. ನೀಲಮ್ಮ ತಲೆ ಎತ್ತಲಿಲ್ಲ. ಕೇಳಿ ಕೇಳಿ ಅಭ್ಯಾಸವಾದವರ ಹಾಗೆ ಜೋಳ ಕೆದಕಿದರು.

ನಾನು ನಿಂತುಕೊಂಡೇ ಹೇಳಿದೆ. ಮೇಡಂ ಓದಲಿಲ್ಲ. ಬರೆದವನು ನಾನು. ಬರುತ್ತೇನೆ ಎಂದವನೂ ನಾನು, ಅರ್ಧ ಎಕರೆ ಎಂದವನೂ ನಾನು, ಎಚ್ಚರಿಕೆ ಇರಲಿ ಎಂದವನೂ ನಾನು. ಪತ್ರವನ್ನು ಅವರ ಕೈಗೆ ಕೊಟ್ಟೆ. ಹೇಳಿ ಮುಗಿಸಲು ಎರಡು ನಿಮಿಷ ಹಿಡಿಯಿತು. ಏಳು ವರ್ಷದ ವಿಷಯ.

ಅವರು ಪತ್ರ ಬಿಚ್ಚಿ ತಮ್ಮದೇ ಅಕ್ಷರವನ್ನು ಬಹಳ ಹೊತ್ತು ನೋಡಿದರು.

“ಹಂಗಾದ್ರ ನಾ ಬರೆದದ್ದನ್ನ ಯಾರೂ ಓದ್ಲೇ ಇಲ್ಲೇನ್ರೀ?”

“ನಾನು ಓದಿದೆ. ಪ್ರತಿ ಪುಟವನ್ನೂ.”

“ಆಲೂಗಡ್ಡೆದು ಜಾಣತನ ಅಂತ ಬರೆದದ್ದು?”

“ನಾನೇ.”

“ನಿಮಗ ಹಂಗ ಅನಿಸಿತ್ತೇನ್ರೀ? ಇಲ್ಲ, ನಾ ಬಿಟ್ಟು ಹೋಗಬಾರ್ದಂತ ಬರೆದ್ರಾ?”

ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಬಿಟ್ಟು ಹೋಗಬಾರದೆಂದು ಬರೆದೆ, ಅನ್ನಿಸಿಯೂ ಇತ್ತು—ಎರಡನ್ನೂ ಹೇಳಿದೆ.

“ಅನಿಸಿದ್ರ ನಿಮ್ಮ ಹೆಸರಿನಾಗ ಬರೀಬೇಕಿತ್ತಲ್ರೀ ಸಾರ್,” ಎಂದರು. ದನಿ ಏರಲಿಲ್ಲ. “ಮೇಡಂ ಒಂದ್ಸಲ ಬಂದು ಹೋದಾಕಿ. ನೀವು ಎಂಟು ವರ್ಷ ಬಂದ್ರಿ. ನಮಗ ನೀವು ಓದಿದ್ರ ಸಾಕಿತ್ತು.”

ಶಿಬಿರದಲ್ಲಿ ಅರ್ಧ ಗಂಟೆ ಮಾತಾಡಿ ಶಾಲು ಹೊದ್ದುಕೊಂಡವನಿಗೆ ಗೊತ್ತಿರದೆ ಹೋದದ್ದು ಇದೊಂದೇ ಮಾತು. ಗ್ರಾಮಸೇವಕನ ಮಾತಿಗೆ ಬೆಲೆಯಿಲ್ಲ, ಹಸಿರು ಶಾಯಿಗೆ ಮಾತ್ರ ಬೆಲೆ ಎಂದು ನಂಬಿದ್ದವರು ಅವರಲ್ಲ, ನಾನು.

ಸ್ವಲ್ಪ ಹೊತ್ತಿಗೆ ಅವರು ಎದ್ದು ಚಪ್ಪಲಿ ಮೆಟ್ಟಿದರು. “ಬರ್ರಿ. ನನಗ ಹೇಳಿದ್ರ ಆಗಂಗಿಲ್ಲ, ಅಲ್ಲಿ ಹೇಳ್ರಿ” ಎಂದರು. ಊರ ಮುಂದಿನ ಅರಳಿಕಟ್ಟೆಗೆ ಕರೆದುಕೊಂಡು ಹೋದರು. ಕಟ್ಟೆಯ ಮೇಲೆ ಐದಾರು ಜನ ಕೂತಿದ್ದರು, ಬೇಲಿಯಾಚೆ ನಕ್ಕು ಹೋದ ಮುದುಕನೂ ಇದ್ದ. ಚನ್ನಬಸಪ್ಪ ಗದ್ದೆಯಿಂದ ಬಂದು ಹಿಂದೆ ನಿಂತರು. ಇನ್ನೊಮ್ಮೆ ಎಲ್ಲವನ್ನೂ ಹೇಳಿದೆ. ನೀಲಮ್ಮ ಪಕ್ಕದಲ್ಲೇ ಕೈಕಟ್ಟಿ ನಿಂತು ಕೇಳಿದರು, ಪಾಠ ಒಪ್ಪಿಸಿಕೊಳ್ಳುವ ಮೇಷ್ಟ್ರ ಹಾಗೆ. ನಾನು ಮಳೆಯ ವಿಷಯಕ್ಕೆ ಬಂದಾಗ, “ಫೋನಿನಾಗ ಏನಂದ್ರಿ, ಅದನ್ನೂ ಹೇಳ್ರಿ” ಎಂದರು. ಹೇಳಿದೆ. ಯಾರೂ ನಗಲಿಲ್ಲ. ಮುದುಕ ಎಲೆಯಡಿಕೆ ಉಗುಳಿ ಬಂದು, “ಹಿರಿಯರು ನೀವು, ಹಿಂಗ ಮಾಡಬಾರ್ದಾಗಿತ್ತು” ಎಂದ. ಚನ್ನಬಸಪ್ಪ ಮನೆಯ ಕಡೆ ನಡೆದರು.

ಮತ್ತೆ ಜಗಲಿಗೆ ಬಂದಾಗ ನೀಲಮ್ಮ ಒಳಗಿನಿಂದ ದಿನಚರಿ ತಂದರು. ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು. ಕೊನೆಯ ಹಸಿರು ಸಾಲಿದ್ದ ಪುಟ ತೆಗೆದು ನನ್ನ ಮುಂದಿಟ್ಟು, “ಪೆನ್ನು ಐತೇನ್ರೀ?” ಎಂದರು. ಇತ್ತು. ನೀಲಿಯದು.

“ನಾ ಹೇಳ್ದಂಗ ಬರೀರಿ. ಭತ್ತ ಕಳದಾಕಿ ನೀಲಮ್ಮ ಅಲ್ಲ.”

ಬರೆದೆ. ನನ್ನ ನೆಟ್ಟಗಿನ ಅಕ್ಷರದಲ್ಲಿ.

“ಕಳದವ್ರ ಹೆಸರು ಹಾಕ್ರಿ.”

ಹಾಕಿದೆ.

ಅವರು ಪುಸ್ತಕವನ್ನು ತಿರುಗಿಸಿಕೊಂಡು ಓದಿದರು. ಶಾಯಿ ಒಣಗಲಿ ಎಂದು ತೆರೆದೇ ಹಿಡಿದುಕೊಂಡು ಕೂತರು. ನಾನು ಏನೋ ಹೇಳಲು ಹೋದೆ—ಎಲ್ಲಿಯಾದರೂ ಆ ಭತ್ತ ಹುಡುಕುತ್ತೇನೆ, ನದಿಯ ಕಡೆಯ ಊರುಗಳಲ್ಲಿ ಯಾರ ಅಟ್ಟದಲ್ಲಾದರೂ—

“ಹುಡುಕ್ರಿ,” ಎಂದರು. “ಸಿಕ್ಕ ಮ್ಯಾಲೆ ಹೇಳ್ರಿ. ಮೊದ್ಲೇ ಹೇಳಬ್ಯಾಡ್ರಿ.”

ಹೊರಡುವಾಗ ಬೇಲಿಯವರೆಗೆ ಬರಲಿಲ್ಲ. ಜೋಳದ ಕಡೆಗೆ ಹೋದರು. ಕ್ಷಮಿಸಿದೆ ಎನ್ನಲಿಲ್ಲ, ನಾನು ಕೇಳಲೂ ಇಲ್ಲ. ಬಸ್ಸಿನಲ್ಲಿ ಕೂತು ಗಣಪತಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ನಂಗೆ ಬರೆದದ್ದೂ ನೀವೇ ಅಲ್ದಾ ಸಾರ್” ಎಂದ. ಹೌದು ಎಂದೆ. ಫೋನ್ ಇಟ್ಟುಬಿಟ್ಟ.

ಮನೆಗೆ ಬಂದು ಉಳಿದ ಹತ್ತು ಜನರ ಹೆಸರು ಬರೆದುಕೊಂಡು ಒಬ್ಬೊಬ್ಬರಿಗೂ ಒಂದೊಂದು ಪತ್ರ ಬರೆಯಲು ಕೂತೆ. ನಾಲ್ಕು ಆಗಿವೆ. ಮುಗಿಯದ್ದನ್ನು ಕೊನೆಯ ಅಂಕಣದಲ್ಲಿ ಬರೆಯುವ ಹಾಗಿಲ್ಲ. ಭತ್ತ ಹುಡುಕುವುದನ್ನೂ ಬರೆಯುವ ಹಾಗಿಲ್ಲ.

ಮುಗಿಸಿದ ಕೊನೆಯ ಕೆಲಸ: ನಾಲ್ಕನೆಯ ಪತ್ರದ ಕೆಳಗೆ ನೀಲಿ ಶಾಯಿಯಲ್ಲಿ ನನ್ನ ಸಹಿ.